ಜಾತ್ರೆ ಮುಗಿದ ಮೇಲೆ ಉಳಿಯುವ ಟ್ಯಾಂಕು

ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕ ಕೇಳಲು ಲಕ್ಷಾಂತರ ಭಕ್ತರು ಬರುತ್ತಾರೆ. ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಂದವರು ತುಂಗಭದ್ರೆಯ ದಂಡೆಯಲ್ಲೇ ಬಿಡಾರ ಹೂಡುತ್ತಾರೆ. ಅದರ ಬೆನ್ನಿಗೇ ಕೊಟ್ಟೂರಿನ ಗುರುಬಸವೇಶ್ವರರ ತೇರು. ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗದ ಬೆಟ್ಟಕ್ಕೂ ಜನಪ್ರವಾಹ ಹರಿಯುವುದುಂಟು. ಇಂತಹ ನೆರವಿಗಳಿಗೆ ಗಾಲಿಯ ಮೇಲಿನ ಸಂಚಾರಿ ಶೌಚಾಲಯಗಳು ಬಂದಿರುವುದು ಸ್ವಾಗತಾರ್ಹ. ಆದರೆ ಅವುಗಳ ಹೊಟ್ಟೆಯೊಳಗೆ ತುಂಬಿದ್ದು ಎಲ್ಲಿಗೆ ಹೋಗುತ್ತದೆ, ಆ ಹೊಟ್ಟೆಯನ್ನು ತೊಳೆಯುವವರು ಯಾರು ಎಂಬ ಪ್ರಶ್ನೆಗಳನ್ನು ಜಾತ್ರೆಯ ಪೂರ್ವಭಾವಿ ಸಭೆಗಳಲ್ಲಿ ಕೇಳಲೇಬೇಕಾಗಿದೆ.

ಲೆಕ್ಕ ಸರಳವಾದದ್ದು. ಒಂದು ಬಳಕೆಗೆ 5 ಲೀಟರ್ ನೀರು ಎಂದುಕೊಂಡರೂ 1,000 ಲೀಟರಿನ ಟ್ಯಾಂಕು 200 ಬಳಕೆಗೇ ತುಂಬುತ್ತದೆ. ಜಾತ್ರೆಯ ಜನಸಂದಣಿಗೆ ಅದು ಅರ್ಧ ದಿನದ ಮಾತೂ ಅಲ್ಲ. ಬೇಗ ತುಂಬದಿರಲೆಂದು ಕೆಳಗಿನ ವಾಲ್ವನ್ನು ತುಸು ತೆರೆದಿಟ್ಟರೆ ನೀರು ಮಾತ್ರ ಸೋರಿಹೋಗಿ, ಗಟ್ಟಿ ಪದಾರ್ಥ ಗುಡ್ಡೆಯಾಗಿ ಕೂರುತ್ತದೆ. ಬಿಸಿಲಿಗೆ ಅದು ಗಟ್ಟಿಕಟ್ಟಿದ ಮೇಲೆ ಹೀರುವ ಯಂತ್ರಕ್ಕೂ ಬಗ್ಗದು. ಆಗ ಸಲಿಕೆ ಕೊಟ್ಟು ಮನುಷ್ಯನೊಬ್ಬನನ್ನು ಒಳಗಿಳಿಸುವ ದುರ್ಬುದ್ಧಿ ಹುಟ್ಟುತ್ತದೆ.

ಅಲ್ಲಿರುವುದು ಬರೀ ಹೇಸಿಗೆಯಲ್ಲ, ಸಾವು. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಏಳುತ್ತವೆ. ಹೈಡ್ರೋಜನ್ ಸಲ್ಫೈಡ್ ಸಾಂದ್ರವಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ಅಪಾಯದ ಸುಳಿವೂ ಸಿಗದು. ರಕ್ಷಣಾ ಸಲಕರಣೆಗಳಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಂತಹ ಸಾವಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಪರಿಹಾರ ಸತ್ತ ಮೇಲಿನ ಮಾತು. ಬದುಕಿರುವಾಗ ಮಾಡಬೇಕಾದ ಕೆಲಸ ಬಹಳ ಅಗ್ಗದ್ದು.

ಟ್ಯಾಂಕಿನ ತಳ ಹೊರದಾರಿಯ ಕಡೆಗೆ ಇಳಿಜಾರಾಗಿರಬೇಕು. ಒಳಗೋಡೆಗೆ ನೀರು ಚಿಮ್ಮುವ ಒಂದೆರಡು ನಾಸಲ್ ಕೂರಿಸಿ ಅದರ ಬಾಯಿಯನ್ನು ಹೊರಗೆ ತರಬೇಕು. ಟ್ಯಾಂಕು ಮುಕ್ಕಾಲು ತುಂಬುವವರೆಗೆ ವಾಲ್ವ್ ಮುಚ್ಚಿದ್ದು ಒಮ್ಮೆಗೇ ತೆರೆದರೆ ನೀರಿನ ರಭಸವೇ ಗಟ್ಟಿಯನ್ನು ಹೊತ್ತೊಯ್ಯುತ್ತದೆ. ಬಳಿಕ ತಿಳಿನೀರು ಬರುವವರೆಗೆ ಎರಡು ಮೂರು ಸಲ ಚಿಮ್ಮಿಸಿದರಾಯಿತು. ಇದಕ್ಕೆ ಕುಡಿಯುವ ನೀರು ಬೇಕಿಲ್ಲ. ತೊಳೆಯುವ ಪೈಪನ್ನು ಕುಡಿಯುವ ನೀರಿನ ನಲ್ಲಿಗೆ ನೇರವಾಗಿ ಜೋಡಿಸಲೂಬಾರದು. ಒತ್ತಡ ಇಳಿದಾಗ ಹೊಲಸು ಹಿಂದಕ್ಕೆ ಎಳೆದುಕೊಳ್ಳಬಹುದು. ನಡುವೆ ಒಂದು ತೊಟ್ಟಿಯಿದ್ದು, ನಲ್ಲಿಯ ಬಾಯಿ ಅದರ ನೀರಿಗಿಂತ ಮೇಲೆಯೇ ಇರಲಿ.

ನೀರು ಚಿಮ್ಮಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಒಂದು ಅಶ್ವಶಕ್ತಿಯ ಪಂಪು ಸುಮಾರು ಒಂದು ಕಿಲೋವಾಟ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಕಂಬದ ತಂತಿಗೆ ಕೊಕ್ಕೆ ಹಾಕಿ, ತೆಳು ವೈರನ್ನು ಒದ್ದೆ ನೆಲದ ಮೇಲೆ ಎಳೆದರೆ ಶೌಚಾಲಯದ ಕಬ್ಬಿಣದ ಮೈಯೇ ಯಮನಾದೀತು. ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ, ದಪ್ಪನೆಯ ಮೂರೆಳೆ ಕೇಬಲ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಬ್ರೇಕರ್, ನೆಲದಿಂದ ಎತ್ತರದಲ್ಲಿ ಮಳೆಗೆ ನೆನೆಯದ ಸಾಕೆಟ್ — ಇವು ಕನಿಷ್ಠ ಬೇಡಿಕೆಗಳು. ಕೇಬಲನ್ನು ಸುರುಳಿ ಬಿಚ್ಚದೆ ಬಳಸಿದರೆ ಅದು ಕಾದು ಕರಗುತ್ತದೆ. ದೀಪಗಳನ್ನು ಸೌರಫಲಕ, ಬ್ಯಾಟರಿಗಳಿಂದಲೇ ಉರಿಸಬಹುದು. ಕತ್ತಲೆಯ ಶೌಚಾಲಯದತ್ತ ಹೆಣ್ಣುಮಕ್ಕಳು ಸುಳಿಯುವುದಿಲ್ಲ ಎಂಬುದನ್ನು ಮರೆಯಬಾರದು.

ತೊಳೆದ ನೀರಿನ ಗತಿಯೇನು? ಮಲೆನಾಡಿನಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಒಂದಾಗುವ ತುಂಗೆ-ಭದ್ರೆಯರು ಮಾಘ-ಫಾಲ್ಗುಣದಲ್ಲಿ ಸೊರಗಿರುತ್ತಾರೆ. ಆ ಹೊತ್ತಿನಲ್ಲಿ ಮೈಲಾರದ ದಂಡೆಯಲ್ಲಿ ಸುರಿದದ್ದನ್ನು ಕೆಳಗಿನ ಊರುಗಳು ಕುಡಿಯಬೇಕಾದೀತು. ಕೂಡ್ಲಿಗಿಯ ಕಲ್ಲುಗುಡ್ಡಗಳಲ್ಲಿ ಮೇಲ್ಮಣ್ಣು ತೆಳುವಾದದ್ದು. ಅಲ್ಲಿ ಚೆಲ್ಲಿದ್ದು ಮಳೆಯೊಡನೆ ಕೆರೆಗಿಳಿಯುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದ ಹೆಸರು ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಇಂತಹ ಕೆರೆಗಳ ನಾಡಿನಲ್ಲಿ ಟ್ಯಾಂಕನ್ನು ಹಳ್ಳಕ್ಕೆ ಬರಿದುಮಾಡುವುದು ಅಕ್ಷಮ್ಯ.

ದಾರಿ ಇಲ್ಲದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಘಟಕ ದೂರವಿದ್ದಲ್ಲಿ ಸುಣ್ಣ ಬೆರೆಸಿ ಪಿಎಚ್ 12ಕ್ಕೇರಿಸಿ ಅರ್ಧ ಗಂಟೆಯಾದರೂ ಹಾಗೆಯೇ ಉಳಿಸಿದರೆ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಆದರೆ ಜಂತುಹುಳುಗಳ ಮೊಟ್ಟೆಗಳು ಗಟ್ಟಿ ಜೀವ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಆದ್ದರಿಂದ ಹಸಿ ಮಲವನ್ನು ತರಕಾರಿ ಹೊಲಕ್ಕೆ ಎಂದೂ ಹಾಕತಕ್ಕದ್ದಲ್ಲ. ಕೃಷಿತ್ಯಾಜ್ಯದೊಡನೆ ಪೇರಿಸಿ ಚೆನ್ನಾಗಿ ಬಿಸಿಯೇರಿಸಿ ಕಳಿಸಿದ ಗೊಬ್ಬರವಷ್ಟೇ ಭೂಮಿಗೆ ಸಲ್ಲುತ್ತದೆ.

ಈ ಮಾತು ಬಯಲುಸೀಮೆಗಷ್ಟೇ ಅಲ್ಲ, ಮಲೆನಾಡಿನ ಬೆಟ್ಟದ ಜಾತ್ರೆಗಳಿಗೂ ಅನ್ವಯಿಸುತ್ತದೆ. ಮುಂದಿನ ಜಾತ್ರೆಯ ಸಭೆಯಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಎದ್ದು ನಿಂತು ಮೂರು ಸಂಗತಿ ಕೇಳಲಿ: ಟ್ಯಾಂಕು ಎಲ್ಲಿ ಬರಿದಾಗುತ್ತದೆ? ಅದನ್ನು ಯಾವುದು ತೊಳೆಯುತ್ತದೆ, ಯಂತ್ರವೋ ಮನುಷ್ಯನೋ? ಕರೆಂಟು ಎಲ್ಲಿಂದ ಬರುತ್ತದೆ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಗಾಡಿಗಳು ಜಾತ್ರೆಯ ಬಯಲಿಗೆ ಬರಲಿ.