ನೆಲಕ್ಕೂ ಉಬ್ಬರ ಇಳಿತ

ಸಮುದ್ರಕ್ಕೆ ಉಬ್ಬರ ಇಳಿತ ಇದೆಯೆಂದು ಎಲ್ಲರಿಗೂ ಗೊತ್ತು. ನೆಲಕ್ಕೂ ಇದೆ ಅಂದರೆ ಗೆಳೆಯರು ನಕ್ಕರು. ಆದರೆ ಇದು ನಿಜ. ಚಂದ್ರ, ಸೂರ್ಯರ ಸೆಳೆತದಿಂದ ಗಟ್ಟಿ ನೆಲವೂ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಕೆಲವು ಕಡೆ 30 ಸೆಂಟಿಮೀಟರು, ಅಂದರೆ ನಮ್ಮ ದೊಡ್ಡ ಸ್ಕೇಲಿನಷ್ಟು! ಮನೆ, ಮರ, ಬೆಟ್ಟ ಎಲ್ಲ ಒಟ್ಟಿಗೇ ಏಳುವುದರಿಂದ ನಮಗೆ ತಿಳಿಯೋದಿಲ್ಲ.

ಇದನ್ನು ತಿಳಿಯಲು ಒಂದು ಯಂತ್ರವಿದೆ. ಅದರೊಳಗೆ ನಿಯೋಬಿಯಂ ಲೋಹದ ಪುಟ್ಟ ಗುಂಡನ್ನು ಬಹಳ ತಣ್ಣಗೆ ಮಾಡಿ ಕಾಂತಬಲದಿಂದ ತೇಲಿಸಿರುತ್ತಾರೆ. ಗುರುತ್ವ ಚೂರು ಬದಲಾದರೂ ಗೊತ್ತಾಗುತ್ತದೆ. ಆದರೆ ಮಳೆ ಬಂದು ಅಂತರ್ಜಲ ಏರಿದರೂ ಅದು ಬದಲಾಗುತ್ತೆ! ಯಾವುದು ಚಂದ್ರನದು, ಯಾವುದು ಮಳೆಯದು? ಒಂದೇ ಊರಿನ ಅಳತೆ ಸಾಲದು. ಅದಕ್ಕೇ 1997ರಿಂದ ಹಲವು ದೇಶದವರು ತಮ್ಮ ಯಂತ್ರಗಳ ಅಳತೆಗಳನ್ನು ಒಂದೇ ಕಡೆ ಸೇರಿಸುತ್ತಿದ್ದಾರೆ. ಈಗ ಅವು ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿವೆ. ಬೇರೆ ದೇಶದ ವಿಜ್ಞಾನಿಗಳೂ ಬಳಸಬಹುದು.

ನನಗೆ ಯಂತ್ರಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ. ನಾವು ಬಾವಿಗಳ ನೀರು ಅಳೆದಾಗ ಮೂರು ಗುಂಪಿನವರೂ ಲೆಕ್ಕ ಮುಚ್ಚಿಟ್ಟೆವು (ನಮ್ಮ ಗುಂಪೂ ಸೇರಿ). ಕೊನೆಗೆ ಯಾವ ಬಾವಿ ಯಾಕೆ ಇಳಿಯಿತು ಅಂತ ಯಾರಿಗೂ ತಿಳಿಯಲಿಲ್ಲ. ಸೋಮವಾರದಿಂದ ಮೂರೂ ಗುಂಪಿನ ಅಳತೆ ಈ ಗೋಡೆ ಮೇಲೇ ಬರೆಯಬೇಕು. ನಮ್ಮ ಗುಂಪಿನದನ್ನು ಕೆಳಗೆ ಅಂಟಿಸಿದ್ದೇನೆ.