ಅಪ್ಪ, ಮಗ ಮತ್ತು ಒಂದು ಚೆಂಡು!

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾರ ಮುಹೂರ್ತ, ಯಾರ ಮುನಿಸು... ಎಲ್ಲಾ ಮುಂದಿನ ವಾರಕ್ಕಿರಲಿ. ಮೊನ್ನೆ ರಾತ್ರಿ ರೂಮಿನಲ್ಲಿ ಒಬ್ಬನೇ ಕೂತು ಒಂದು ಹಳೇ ಇಂಗ್ಲಿಷ್ ಚಿತ್ರ ನೋಡಿದೆ. ಹೆಸರು ‘ಫೀಲ್ಡ್ ಆಫ್ ಡ್ರೀಮ್ಸ್’, 1989ರದ್ದು. ಫೈಟಿಲ್ಲ, ಡ್ಯಾನ್ಸಿಲ್ಲ. ಆದರೂ ಕೊನೇ ಐದು ನಿಮಿಷ ನಾನು ಅತ್ತಿದ್ದು ಸುಳ್ಳಲ್ಲ!

ಕಥೆ ಕೇಳಿ. ಅಮೆರಿಕದ ಅಯೋವಾದಲ್ಲಿ ನಾಯಕ ಕೆವಿನ್ ಕಾಸ್ಟ್ನರ್ ಮೆಕ್ಕೆಜೋಳ ಬೆಳೆಯೋ ರೈತ. ಯಾವುದೋ ಅಶರೀರವಾಣಿ ಕೇಳಿ, ನಿಂತ ಬೆಳೆ ಕಿತ್ತು ಬೇಸ್‌ಬಾಲ್ ಮೈದಾನ ಕಟ್ಟುತ್ತಾನೆ. ಸಾಲದಲ್ಲಿರೋ ರೈತನಿಗೆ ಇದು ಹುಚ್ಚಲ್ಲದೆ ಇನ್ನೇನು? ಆ ಮೈದಾನಕ್ಕೆ ಎಂದೋ ಸತ್ತ ಆಟಗಾರರು ಬರ್ತಾರೆ. ಮೊದಲು ಬರೋನು ಶೂಲೆಸ್ ಜೋ ಜಾಕ್ಸನ್. ಈತ ಕಲ್ಪನೆಯಲ್ಲ, ನಿಜವಾಗಿ ಇದ್ದವನು. 1919ರ ವರ್ಲ್ಡ್ ಸೀರೀಸ್‌ನಲ್ಲಿ ದುಡ್ಡು ತಗೊಂಡು ಸೋತರು ಅಂತ ಷಿಕಾಗೋ ತಂಡದ 8 ಜನರ ಮೇಲೆ ಆರೋಪ ಬಂತು. 1921ರಲ್ಲಿ ಕೋರ್ಟು ಬಿಟ್ಟರೂ ಆಟದವರು ಬಿಡಲಿಲ್ಲ. ಆಜೀವ ನಿಷೇಧ!

ನಾಯಕನ ಅಪ್ಪನಿಗೆ ಈ ಜೋ ಅಂದ್ರೆ ದೇವರು. ಹದಿನೇಳನೇ ವಯಸ್ಸಲ್ಲಿ ಮಗ, ‘ಕಳ್ಳನನ್ನ ಪೂಜೆ ಮಾಡೋನಿಗೆ ನಾನು ಮರ್ಯಾದೆ ಕೊಡಲ್ಲ’ ಅನ್ನೋ ಅರ್ಥದಲ್ಲಿ ಮಾತಾಡಿ ಮನೆ ಬಿಟ್ಟಿರುತ್ತಾನೆ. ಕ್ಷಮೆ ಕೇಳೋ ಮೊದಲೇ ಅಪ್ಪ ಸತ್ತಿರುತ್ತಾನೆ. ಕ್ಲೈಮ್ಯಾಕ್ಸಿನಲ್ಲಿ ಆ ಅಪ್ಪ ಯುವಕನಾಗಿ ಅದೇ ಮೈದಾನಕ್ಕೆ ಬರ್ತಾನೆ. ಇಬ್ಬರೂ ಕ್ಷಮೆಯ ಮಾತೇ ಎತ್ತಲ್ಲ. ಕೈಗೆ ಗ್ಲೌಸ್ ಹಾಕಿ ಚೆಂಡು ಎಸೆದಾಡ್ತಾರೆ, ಅಷ್ಟೇ!

ನನಗೆ ನಮ್ಮಪ್ಪ ನೆನಪಾದರು.

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದರು. ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. 2008ರ ನವೆಂಬರ್ 2, ಭಾನುವಾರ. ದಿಲ್ಲಿಯಲ್ಲಿ ನಮ್ಮ ಕುಂಬ್ಳೆ ಎಡಗೈ ಬೆರಳಿಗೆ ಹೊಲಿಗೆ ಹಾಕಿಸಿಕೊಂಡೇ ನಿವೃತ್ತಿ ಹೇಳಿದ ದಿನ. 619 ವಿಕೆಟ್! ತಂಡದವರು ಅವರನ್ನ ಹೆಗಲ ಮೇಲೆ ಹೊತ್ತರು. ಅಪ್ಪ ಟಿವಿ ಆರಿಸಿ ಹಿತ್ತಲಿಗೆ ಹೋದರು. ನನ್ನ ರಬ್ಬರ್ ಚೆಂಡು ತಗೊಂಡು, ಬೆರಳು ಹೇಗಿಡಬೇಕು ಅಂತ ತೋರಿಸಿದರು. ಕತ್ತಲಾಗೋವರೆಗೂ ಅವರು ಎಸೆದರು, ನಾನು ಹಿಡಿದೆ. ಒಂದೂ ಮಾತಿಲ್ಲ.

ಏಳು ವರ್ಷ ಆದಮೇಲೆ ಪಿಯುಸಿ ಅರ್ಧಕ್ಕೆ ಬಿಟ್ಟು, ಸಿನಿಮಾ ಅಂತ ಬೆಂಗಳೂರಿಗೆ ಹೊರಟೆ. ಅಪ್ಪ ತಡೆದರು. ನಾನು, ‘ಜೀವನಪೂರ್ತಿ ಯಾರದೋ ಕೊಬ್ಬರಿ ಲೆಕ್ಕ ಬರೆದೋರು ನನಗೇನು ಹೇಳ್ತೀರಿ’ ಅಂದುಬಿಟ್ಟೆ. ಅಪ್ಪ ತಿರುಗಿ ಏನೂ ಅನ್ನಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು!

ಆಮೇಲೆ ಅಮ್ಮನ ಜೊತೆ ಫೋನಲ್ಲಿ ಮಾತಾಡುವಾಗ, ಕೊನೆಗೆ ಅಪ್ಪ ಫೋನ್ ಇಸ್ಕೊಂಡು ಒಂದೇ ಪ್ರಶ್ನೆ ಕೇಳೋರು: ‘ಮ್ಯಾಚ್ ನೋಡಿದ್ಯಾ?’ ‘ಇಲ್ಲ, ಕೆಲಸ ಇತ್ತು’ ಅಂತಿದ್ದೆ ನಾನು. ‘ಸರಿ’ ಅಂತ ಇಡೋರು. ಅಪ್ಪ ಹೋಗಿ ಮೂರು ವರ್ಷ. ಊಟ ಆಯ್ತಾ, ಹುಷಾರಾಗಿದ್ದೀಯಾ, ನನಗೆ ಕೋಪ ಇಲ್ಲ ಕಣೋ... ಇಷ್ಟೂ ಆ ಎರಡು ಮಾತಲ್ಲೇ ಇತ್ತು ಅಂತ ಮೊನ್ನೆ ಗೊತ್ತಾಯ್ತು.

ಅಂದ ಹಾಗೆ, ಜೋ ಜಾಕ್ಸನ್ ಸತ್ತಿದ್ದು 1951ರಲ್ಲಿ. ನಿಷೇಧದ ಪಟ್ಟಿಯಿಂದ ಆತನ ಹೆಸರು ತೆಗೆದಿದ್ದು 2025ರಲ್ಲಿ. 74 ವರ್ಷ ತಡ! ಅದನ್ನ ಕೇಳೋಕೆ ಅವನೆಲ್ಲಿದ್ದ?

ಬಸ್ಸಿಗೆ ಕಾಯ್ತಾ ಇದನ್ನ ಓದ್ತಿರೋ ತಮ್ಮಂದಿರೇ, ಅಪ್ಪನ ಜೊತೆ ಮಾತು ಬಿಟ್ಟಿದ್ದೀರಾ? ದೊಡ್ಡ ಡೈಲಾಗ್ ಏನೂ ಬೇಡ. ಬಸ್ ಬರೋದ್ರೊಳಗೆ ಒಂದು ಫೋನ್ ಮಾಡಿ.

ಸ್ಕೋರ್ ಎಷ್ಟು ಅಂತ ಕೇಳಿ. ಸಾಕು.