ನೋಂದಾಯಿತ ಕಚೇರಿ ಯಾವ ಊರಲ್ಲಿ?

ಈ ತಿಂಗಳ ಅಂಕಣಕ್ಕೆ ಕುಪವಾಡದ ವಾಚಕರೊಬ್ಬರು ತಾವೇ ವಿಷಯವನ್ನು ಒದಗಿಸಿದ್ದಾರೆ. ಅವರ ಮೂಲ ಅಥಣಿ ತಾಲೂಕು. ಔದ್ಯೋಗಿಕ ವಸಾಹತಿನಲ್ಲಿ ಬಾಡಿಗೆಯ ಶೆಡ್ಡು ಹಿಡಿದು, ಎರಡು ಲೇಥು ಇಟ್ಟುಕೊಂಡು, ತಮ್ಮನೊಡನೆ ಯಂತ್ರದ ಬಿಡಿಭಾಗಗಳ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ. ಈಗ ಕೆಲಸ ಕೊಡುವ ದೊಡ್ಡ ಕಾರಖಾನೆಯವರು, ಕಂಪನಿಯಾಗಿ ಬಂದರೆ ಹೆಚ್ಚಿನ ಆರ್ಡರು ಕೊಡುವುದಾಗಿ ಹೇಳಿದ್ದಾರಂತೆ. ಅವರ ಪ್ರಶ್ನೆಗಳು ಎರಡು. ಪರರಾಜ್ಯದಲ್ಲಿ ಕಂಪನಿ ಕಟ್ಟಲು ಕನ್ನಡಿಗರಾದ ತಮಗೆ ಏನಾದರೂ ಅಡ್ಡಿಯುಂಟೆ? ಕಂಪನಿಯ ವಿಳಾಸವೆಂದು ಊರಿನ ಮನೆಯನ್ನು ಕೊಡಬೇಕೋ, ಕುಪವಾಡದ ಶೆಡ್ಡನ್ನು ಕೊಡಬೇಕೋ? ಮೊದಲನೆಯದಕ್ಕೆ ಚುಟುಕಾದ ಉತ್ತರ ಸಾಕು. ಎರಡನೆಯದು ಮೇಲ್ನೋಟಕ್ಕೆ ಅಂಚೆಯವನಿಗೆ ಸಂಬಂಧಿಸಿದ ಮಾತಿನಂತೆ ಕಂಡರೂ ಅಷ್ಟು ಹಗುರವಾದುದಲ್ಲ.

ಅಡ್ಡಿಯೇನೂ ಇಲ್ಲ. ಯಾವುದೇ ಉದ್ಯೋಗ ವ್ಯಾಪಾರವನ್ನು ಕೈಕೊಳ್ಳುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರೆಲ್ಲರಿಗೂ ಕೊಟ್ಟಿದೆ. ಕಂಪನಿಗಳ ಕಾಯಿದೆಯಾದರೋ ದೇಶಕ್ಕೆಲ್ಲ ಒಂದೇ, ಈಗ ನಡೆಯುತ್ತಿರುವುದು 2013ರದು. ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಇದ್ದರೆ ಖಾಸಗಿ ಕಂಪನಿಯಾಗುತ್ತದೆ. ನಿರ್ದೇಶಕರಲ್ಲಿ ಒಬ್ಬರಾದರೂ ವರುಷಕ್ಕೆ 182 ದಿನ ಭಾರತದಲ್ಲಿ ವಾಸವಾಗಿರಬೇಕೆಂಬುದೊಂದೇ ವಾಸದ ನಿಯಮ. ಆ ವಾಸ ಅಥಣಿಯಲ್ಲೋ ಮಿರಜಿನಲ್ಲೋ ಎಂದು ಕಾಯಿದೆ ಕೇಳುವುದಿಲ್ಲ. ಅರ್ಜಿಯು ಈಗ ಗಣಕಯಂತ್ರದ ಮೂಲಕ ಹರಿಯಾಣಾದ ಮಾನೇಸರದಲ್ಲಿರುವ ಕೇಂದ್ರ ನೋಂದಣಿ ಕಚೇರಿಗೆ ಹೋಗುತ್ತದೆ. ಅಲ್ಲಿ ಕುಳಿತವರಿಗೆ ನಮ್ಮ ಕೃಷ್ಣೆಯ ಈ ದಂಡೆ ಆ ದಂಡೆಗಳ ಗೊಡವೆಯೇ ಇಲ್ಲ. ನಿಜವಾದ ಪರದೇಶದ ಮಾತು ಬೇರೆ. ದುಬಾಯಿಯಲ್ಲಿ ಅಂಗಡಿ ಹೂಡಿದ ನಮ್ಮ ಕರಾವಳಿಯ ಬಂಧುಗಳು, ವಿಶೇಷ ವಲಯಗಳ ಹೊರಗೆ ಕಂಪನಿ ಕಟ್ಟುವುದಾದರೆ, ನೂರಕ್ಕೆ 51 ಪಾಲನ್ನು ಅಲ್ಲಿಯ ಪ್ರಜೆಯೊಬ್ಬನ ಹೆಸರಿಗೆ ಬರೆದುಕೊಡಬೇಕಾಗಿತ್ತು. ಹೆಚ್ಚಿನ ಉದ್ಯೋಗಗಳಿಗೆ ಆ ನಿಯಮ ಸಡಿಲಗೊಂಡದ್ದು 2021ರಲ್ಲಿ. ಕುಪವಾಡದಲ್ಲಿ ಅಂಥ ಪಾಲುದಾರನನ್ನು ಹುಡುಕುವ ಕಾರಣವಿಲ್ಲ.

ಆದರೆ ‘ಪರರಾಜ್ಯ’ವೆಂಬ ಮಾತಿಗೆ ನಮ್ಮ ಈ ಸೀಮೆಯಲ್ಲಿ ಒಮ್ಮೆ ಅಕ್ಷರಶಃ ಅರ್ಥವಿತ್ತು. ಸಾಂಗಲಿ ಒಂದು ಸಂಸ್ಥಾನ. ಮಿರಜಿನಲ್ಲಿ ಹಿರಿಯ ಕಿರಿಯ ಎಂದು ಎರಡು. ಜತ್ತ, ಔಂಧ ಬೇರೆ ಬೇರೆ. ನಡುನಡುವೆ ಇಂಗ್ಲಿಷರ ಮುಲುಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ಲಿನ ಅಂಗಡಿ ಇಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರಗಳನ್ನೂ ಕಬ್ಬಿಣದ ನೇಗಿಲುಗಳನ್ನೂ ಮಾಡಲು ತೊಡಗಿದರು. ಕಬ್ಬಿಣದ ನೇಗಿಲಿನಿಂದ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲೊಲ್ಲದ ಕಾಲವದು. ಅಷ್ಟರಲ್ಲಿ ಬೆಳಗಾವಿಯ ನಗರಸಭೆ, ಬಡಾವಣೆಗಾಗಿ ಜಾಗ ಬಿಡಿರೆಂದಿತು. ಆಗ ಕೈಹಿಡಿದವರು ಔಂಧದ ಅಧಿಪತಿಗಳಾದ ಬಾಳಾಸಾಹೇಬ ಪಂತಪ್ರತಿನಿಧಿಗಳು. ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ, ಪಾಪಾಸುಕಳ್ಳಿಯೂ ಹಾವುಗಳೂ ತುಂಬಿದ್ದ 32 ಎಕರೆ ಬರಡು ನೆಲವನ್ನೂ ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಲಕ್ಷ್ಮಣರಾಯರು ಕೆಲಸಗಾರರೊಡನೆ ಅಲ್ಲಿಗೆ ಹೋದರು. ಇಂಗ್ಲಿಷರ ಆಡಳಿತದ ನೆಲ ಬಿಟ್ಟು ಇನ್ನೊಬ್ಬ ದೊರೆಯ ಆಡಳಿತಕ್ಕೆ ಕಾರಖಾನೆ ಸಹಿತವಾಗಿ ದಾಟಿದ ಸಾಹಸವದು. ಕುಂಡಲ ರೋಡ್ ಇಂದಿನ ಕಿರ್ಲೋಸ್ಕರವಾಡಿ. ಸಾಂಗಲಿ ಜಿಲ್ಲೆಯಲ್ಲೇ ಇದೆ, ಮಿರಜಿನಿಂದ ಪುಣೆಗೆ ಹೋಗುವ ಗಾಡಿಯಲ್ಲಿ ನಾವು ಅದೆಷ್ಟು ಸಲ ಅದನ್ನು ದಾಟಿಲ್ಲ! ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಗಡಿನಾಡಿನ ವಾಚಕರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಅದೇ ಮನೆತನದವರು 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಸ್ಥಾಪಿಸಿ ಲೇಥುಗಳನ್ನು ಮಾಡಿಸಿದರು. ಆ ಕಾರಖಾನೆ ಈಗ ಮುಚ್ಚಿಹೋಗಿದೆ.

ಇಲ್ಲಿ ಒಂದನ್ನು ಗಮನಿಸಬೇಕು. 1910ರಲ್ಲಿ ಆ ಕಾರಖಾನೆಯ ಬುಡಕ್ಕೆ ಇದ್ದುದು ಒಬ್ಬ ದೊರೆಯ ಮಾತು, ಅಣ್ಣತಮ್ಮಂದಿರ ಪರಸ್ಪರ ವಿಶ್ವಾಸ. ‘ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್’ ಎಂಬ ಕಂಪನಿಯಾದದ್ದು 1920ರಲ್ಲಿ, ಹತ್ತು ವರುಷಗಳ ತರುವಾಯ. ನಮ್ಮ ಜನ ಇಂದಿಗೂ ಮೊದಲ ಹತ್ತು ವರುಷವನ್ನು ಹೀಗೆಯೇ ಕಳೆಯುತ್ತಾರೆ. ಆದರೆ ದೊರೆ ಈಗಿಲ್ಲ. ಪರಸ್ಥಳದಲ್ಲಿ ಅವನ ಸ್ಥಾನದಲ್ಲಿ ಕುಳಿತಿರುವುದು ಕಾಗದ.

ಇನ್ನೊಂದು ನಿದರ್ಶನ ಇನ್ನೂ ಹತ್ತಿರದ್ದು. ಸಾಂಗಲಿಯ ಶಿರಗಾಂವಕರ ಮನೆತನದವರು 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಕಂಪನಿಯನ್ನು ಕಟ್ಟಿದರು. ಅದರ ನೋಂದಾಯಿತ ಕಚೇರಿ ಸಾಂಗಲಿಯಲ್ಲಿ, ಸಕ್ಕರೆ ಕಾರಖಾನೆ ಉಗಾರ ಖುರ್ದದಲ್ಲಿ. 1956ರ ನವೆಂಬರ್ ಒಂದರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಕಂಪನಿ ಎಲ್ಲಿಯೂ ಹೋಗಲಿಲ್ಲ. ಗಡಿಯೇ ಬಂದು ಕಚೇರಿಗೂ ಗಿರಣಿಗೂ ನಡುವೆ ನಿಂತಿತು. ಕಬ್ಬು ಕರ್ನಾಟಕದ್ದು, ಕಚೇರಿ ಮಹಾರಾಷ್ಟ್ರದ್ದು, ಹಾಗೆಯೇ ಇಂದಿಗೂ ನಡೆದಿದೆ. ನಮ್ಮ ವಾಚಕರ ಎರಡನೆಯ ಪ್ರಶ್ನೆಗೆ ಇದು ಒಳ್ಳೆಯ ಪೀಠಿಕೆ. ಕಾರಖಾನೆ ಒಂದು ರಾಜ್ಯದಲ್ಲಿ, ನೋಂದಾಯಿತ ಕಚೇರಿ ಇನ್ನೊಂದರಲ್ಲಿ ಇರಬಹುದು. ಆದರೆ ಲೆಕ್ಕ ಬರೆಯುವವರನ್ನೂ ವಕೀಲರನ್ನೂ ಎರಡೂ ಕಡೆ ಇಟ್ಟುಕೊಳ್ಳಬಲ್ಲ ಸಕ್ಕರೆ ಕಂಪನಿಗೆ ಸಲ್ಲುವ ಏರ್ಪಾಡು, ಎರಡು ಲೇಥಿನ ಮನೆಗೆ ಸಲ್ಲಲಾರದು.

ನೋಂದಾಯಿತ ಕಚೇರಿಯೆಂದರೆ ಕಾಯಿದೆಯ ದೃಷ್ಟಿಯಲ್ಲಿ ಕಂಪನಿಯ ಮನೆ. ನೋಟೀಸು ಬರುವುದು ಅಲ್ಲಿಗೆ. ಅದು ಕುಪವಾಡದಲ್ಲಿದ್ದರೆ ಪುಣೆಯ ರಜಿಸ್ಟ್ರಾರರ ಅಧೀನ. ಅಥಣಿಯಲ್ಲಿದ್ದರೆ ಬೆಂಗಳೂರಿನವರ ಅಧೀನ. ಕಂಪನಿಯ ಕರಾರುಪತ್ರಗಳ ಮೇಲಿನ ಮುದ್ರಾಂಕ ಶುಲ್ಕ ಆ ರಾಜ್ಯದ ದರದಂತೆ. ನಾಳೆ ಪಾಲುದಾರರಲ್ಲಿ ವೈಮನಸ್ಸು ಹುಟ್ಟಿ, ಒಬ್ಬರು ಇನ್ನೊಬ್ಬರ ಮೇಲೆ ದಬ್ಬಾಳಿಕೆಯ ದೂರನ್ನು ಒಯ್ದರೆ, ಕುಪವಾಡದ ಕಂಪನಿಯ ವ್ಯಾಜ್ಯ ಮುಂಬಯಿಯ ಕಂಪನಿ ನ್ಯಾಯಮಂಡಳಿಯ ಮುಂದೆ, ಅಥಣಿಯ ಕಂಪನಿಯದು ಬೆಂಗಳೂರಿನಲ್ಲಿ. ಅಣ್ಣತಮ್ಮಂದಿರ ಜಗಳ ಊರ ಹಿರಿಯರ ಕಟ್ಟೆಯಿಂದ ಎಷ್ಟು ದೂರ ಹೋದೀತೆಂಬುದನ್ನು ಮೊದಲ ದಿನದ ಆ ಒಂದು ವಿಳಾಸ ನಿರ್ಧರಿಸಿಬಿಡುತ್ತದೆ. ಮುಂದೆ ಬದಲಿಸಿದರಾಯಿತೆನ್ನುವಂತಿಲ್ಲ. ಒಂದೇ ಊರಿನಲ್ಲಿ ಈ ಓಣಿಯಿಂದ ಆ ಓಣಿಗೆ ಕಚೇರಿ ಒಯ್ಯುವುದು ಸುಲಭ. ರಾಜ್ಯ ಬಿಟ್ಟು ರಾಜ್ಯಕ್ಕೆ ಒಯ್ಯಬೇಕಾದರೆ ವಿಶೇಷ ಗೊತ್ತುವಳಿ, ಸಾಲ ಕೊಟ್ಟವರ ಯಾದಿ, ಪತ್ರಿಕೆಗಳಲ್ಲಿ ಜಾಹೀರಾತು, ಅದರ ಮೇಲೆ ಕೇಂದ್ರ ಸರಕಾರದ ಅನುಮತಿ, ಇಷ್ಟೆಲ್ಲ ಬೇಕು.

ಊರಿನ ಮೇಲಿನ ಅಭಿಮಾನದಿಂದ ಹಲವರು ಹಳ್ಳಿಯ ಮನೆಯ ವಿಳಾಸವನ್ನೇ ಕೊಡಬಯಸುತ್ತಾರೆ. ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಆ ಮನೆಯಲ್ಲಿ ಇರುವವರು ವಯಸ್ಸಾದ ತಂದೆತಾಯಿಗಳು; ಇಂಗ್ಲಿಷಿನ ನೋಟೀಸನ್ನು ಅವರು ಜಗಲಿಯ ಗೂಟಕ್ಕೆ ಸಿಕ್ಕಿಸಿಟ್ಟರೆ ತಪ್ಪು ಯಾರದು? ಕೆಲಸ ನಡೆಯುವ, ಹಗಲು ಯಾರಾದರೊಬ್ಬರು ಇದ್ದೇ ಇರುವ ಊರಿನಲ್ಲಿ ಕಚೇರಿಯಿರಲಿ ಎಂಬುದು ನನ್ನ ಮತ. ಶೆಡ್ಡು ಬಾಡಿಗೆಯದಾಗಿದ್ದರೂ ನಡೆಯುತ್ತದೆ. ಮಾಲಿಕನ ಒಪ್ಪಿಗೆಪತ್ರವೂ ಕರಾರೂ ಬೇಕು. ಔದ್ಯೋಗಿಕ ವಸಾಹತಿನ ಪ್ಲಾಟುಗಳು ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳಿ 95 ವರುಷಗಳ ಲೀಸಿನ ಮೇಲೆ ಕೊಟ್ಟಂಥವು. ಆದುದರಿಂದ ನಿಮ್ಮ ಮಾಲಿಕ ತಾನೂ ಒಬ್ಬ ಗೇಣಿದಾರನೇ. ಅವನಿಗೆ ಬಾಡಿಗೆಗೆ ಕೊಡಲು ಮಂಡಳಿಯ ಅನುಮತಿ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡು ಮುಂಗಡ ಕೊಡಬೇಕು.

ತೆರಿಗೆಯ ವಿಷಯದಲ್ಲಿ ಮಾತ್ರ ಗಡಿ ಇನ್ನೂ ಗಡಿಯೇ. 2017ರ ಜುಲೈಯಿಂದ ಬಂದ ಜಿ.ಎಸ್.ಟಿ.ಯ ನೋಂದಣಿ ಸಂಖ್ಯೆಗೆ 15 ಸ್ಥಾನಗಳು. ಮೊದಲ ಎರಡು ರಾಜ್ಯದ ಗುರುತು: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಒಂದೇ ಕಂಪನಿ ಕುಪವಾಡದಲ್ಲಿ ತಯಾರಿಸಿ ಅಥಣಿಯಲ್ಲಿಯೂ ಮಳಿಗೆ ಇಟ್ಟರೆ ಎರಡು ನೋಂದಣಿ ಬೇಕು. ಆ ತೆರಿಗೆಯ ಮಟ್ಟಿಗೆ ಅವೆರಡೂ ಬೇರೆ ಬೇರೆ ವ್ಯಕ್ತಿಗಳು. ಅಣ್ಣನ ಶೆಡ್ಡಿನಿಂದ ತಮ್ಮನ ಮಳಿಗೆಗೆ ಮ್ಹೈಸಾಳ ದಾಟಿ ಕಾಗವಾಡದ ಮೇಲೆ ಸರಕು ಹೋದರೆ, ಹಣ ಕೈ ಬದಲಿಸದಿದ್ದರೂ ಅದು ಅಂತರರಾಜ್ಯ ಪೂರೈಕೆಯೇ. ಬಿಲ್ಲು ಬೇಕು, ತೆರಿಗೆ ಕಟ್ಟಬೇಕು, ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ಲೂ ಬೇಕು. ಕಟ್ಟಿದ ತೆರಿಗೆ ಆಚೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ವಜಾ ಆಗುತ್ತದೆ, ನಿಜ. ‘ನಮ್ಮದೇ ಸರಕು, ನಮ್ಮದೇ ಟೆಂಪೊ’ ಎಂಬ ಸಮಜಾಯಿಷಿ ಮಾತ್ರ ದಾರಿಯಲ್ಲಿ ತಡೆದವರ ಮುಂದೆ ನಡೆಯದು.

ಹಾಗಾದರೆ ಇಷ್ಟು ತಾಪತ್ರಯವೇಕೆ, ಪಾಲುದಾರಿಕೆಯೇ ಸಾಕಲ್ಲವೇ ಎಂದು ಕೇಳುವವರುಂಟು. ಎಷ್ಟೋ ಮನೆಗಳಿಗೆ ಅದು ಸಾಕು. ಆದರೆ 1932ರ ಪಾಲುದಾರಿಕೆ ಕಾಯಿದೆಯ ಎರಡು ಮಾತುಗಳನ್ನು ತಿಳಿದಿರಬೇಕು. ನೋಂದಣಿಯಾಗದ ಪಾಲುದಾರಿಕೆ, ಬಾಕಿ ಕೊಡದ ಗಿರಾಕಿಯ ಮೇಲೆ ಕರಾರಿನ ಆಧಾರದಿಂದ ದಾವೆ ಹೂಡಲಾರದು. ಮತ್ತು ಇಬ್ಬರೇ ಪಾಲುದಾರರಿದ್ದು ಒಬ್ಬನು ತೀರಿಕೊಂಡರೆ ಪಾಲುದಾರಿಕೆಯೂ ಅಂದೇ ತೀರಿತು. ಲೇಥು ಯಾರದು, ಬ್ಯಾಂಕಿನ ಸಾಲ ಯಾರದು, ಬರಬೇಕಾದ ಬಾಕಿ ಯಾರಿಗೆ ಎಂಬ ಪ್ರಶ್ನೆಗಳು ಹನ್ನೊಂದನೆಯ ದಿನವೇ ಎದ್ದು ನಿಲ್ಲುತ್ತವೆ. ಕಂಪನಿಗೆ ಸಾವಿಲ್ಲ, ತೀರಿಕೊಂಡವನ ಶೇರುಗಳು ವಾರಸುದಾರರಿಗೆ ಬರುತ್ತವೆ, ಲೇಥು ಕಂಪನಿಯದಾಗಿಯೇ ಉಳಿಯುತ್ತದೆ. ಪರಸ್ಥಳದಲ್ಲಿ, ಸಾಕ್ಷಿ ಹೇಳಲು ಬಂಧುಬಳಗವಿಲ್ಲದ ಕಡೆ, ವಿಧವೆಯಾದ ತಂಗಿಗೋ ಅತ್ತಿಗೆಗೋ ಇದು ಅನ್ನದ ಪ್ರಶ್ನೆ.

ಅದೇ ಕಾರಣಕ್ಕಾಗಿ ಇನ್ನೊಂದು ಪರಿಪಾಠವನ್ನು ನಾನು ಕಟುವಾಗಿಯೇ ಹೇಳಬೇಕಾಗಿದೆ. ಎರಡನೆಯ ನಿರ್ದೇಶಕರ ಸ್ಥಾನ ತುಂಬಲು ಹೆಂಡತಿಯ ಹೆಸರು ಬರೆದು, ಅಡಿಗೆಮನೆಯಿಂದ ಕರೆದು, ‘ಇಲ್ಲೊಂದು ಸಹಿ ಹಾಕು’ ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ. ಗಂಡನ ಮೇಲಿನ ನಂಬಿಕೆಯಿಂದ ಆಕೆ ಹಾಕುತ್ತಾಳೆ. ಕಾಯಿದೆಗೆ ನಾಮಮಾತ್ರದ ನಿರ್ದೇಶಕಿಯೆಂಬುವಳು ಗೊತ್ತಿಲ್ಲ. ಕಂಪನಿ ಸತತವಾಗಿ ಮೂರು ಆರ್ಥಿಕ ವರುಷ ಲೆಕ್ಕಪತ್ರಗಳನ್ನೋ ವಾರ್ಷಿಕ ವಿವರಣೆಯನ್ನೋ ಸಲ್ಲಿಸದಿದ್ದರೆ ಅದರ ನಿರ್ದೇಶಕರೆಲ್ಲ ಐದು ವರುಷ ಅನರ್ಹರಾಗುತ್ತಾರೆ. 2017ರಲ್ಲಿ ಕೇಂದ್ರ ಸರಕಾರವು ಎರಡು ಲಕ್ಷಕ್ಕೂ ಮಿಕ್ಕಿ ಕಂಪನಿಗಳ ಹೆಸರನ್ನು ದಫ್ತರದಿಂದ ತೆಗೆದುಹಾಕಿ, ಮೂರು ಲಕ್ಷಕ್ಕೂ ಮಿಕ್ಕಿ ನಿರ್ದೇಶಕರನ್ನು ಅನರ್ಹಗೊಳಿಸಿತು. ಅವರಲ್ಲಿ ಅಡಿಗೆಮನೆಯಿಂದ ಬಂದು ಸಹಿ ಹಾಕಿದವರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಪತ್ರಗಳು ತಡವಾದರೆ ಒಂದೊಂದಕ್ಕೂ ದಿನಕ್ಕೆ ನೂರು ರೂಪಾಯಿ ಹೆಚ್ಚುವರಿ ಶುಲ್ಕ, ಅದಕ್ಕೆ ಮೇಲ್ಮಿತಿಯಿಲ್ಲ. ಆದುದರಿಂದ ಕುಪವಾಡದ ನಮ್ಮ ವಾಚಕರಿಗೆ ನನ್ನ ವಿನಂತಿಯಿಷ್ಟು: ನಿಮ್ಮ ಶ್ರೀಮತಿಯವರನ್ನು ನಿರ್ದೇಶಕರನ್ನಾಗಿ ಮಾಡುವುದಾದರೆ ಶೇರುಗಳನ್ನೂ ಅವರ ಹೆಸರಿನಲ್ಲಿ ಇಡಿರಿ, ಬ್ಯಾಂಕಿನ ಪುಸ್ತಕವನ್ನೂ ತೋರಿಸಿರಿ, ಸಭೆಯ ನಡವಳಿಯನ್ನು ಕನ್ನಡದಲ್ಲಿ ವಿವರಿಸಿ ಹೇಳಿದ ಮೇಲೆಯೇ ಸಹಿ ಪಡೆಯಿರಿ. ಅಷ್ಟು ಮಾಡಲು ಮನಸ್ಸಿಲ್ಲದಿದ್ದರೆ ತಮ್ಮಂದಿರಲ್ಲೇ ಇಬ್ಬರಾಗಿ ಇರಿ, ಅವರನ್ನು ಬಿಟ್ಟುಬಿಡಿ.

ನೋಂದಣಿಯ ಪ್ರಮಾಣಪತ್ರ ಕೈಗೆ ಬಂದೊಡನೆ ಕಂಪನಿಯ ಹೆಸರಿನಲ್ಲಿ ವ್ಯಾಪಾರ ಆರಂಭಿಸಲಾಗದು. ಶೇರುದಾರರು ಒಪ್ಪಿದ ಹಣವನ್ನು ಕಟ್ಟಿದ್ದಾರೆಂಬ ಘೋಷಣೆಯನ್ನು 180 ದಿನಗಳೊಳಗೆ ಸಲ್ಲಿಸಬೇಕು. ಅಲ್ಲಿಯವರೆಗೆ ವ್ಯವಹಾರವಿಲ್ಲ, ಸಾಲವೂ ಇಲ್ಲ. ಮೊದಲ ಲೆಕ್ಕ ತಪಾಸಣಿಗರನ್ನು 30 ದಿನಗಳಲ್ಲಿ ನೇಮಿಸಬೇಕು. ಇವನ್ನೆಲ್ಲ ಸಾಂಗಲಿಯ ಯಾವ ಲೆಕ್ಕ ತಜ್ಞರಾದರೂ ಮಾಡಿಕೊಟ್ಟಾರು. ಅವರ ಫೀಯನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ನೋಂದಣಿಯ ಖರ್ಚಿಗಿಂತ ವರುಷವರುಷದ ಖರ್ಚು ದೊಡ್ಡದು.

ಪತ್ರದ ಕೊನೆಗೆ ಅವರು ಸಂಕೋಚದಿಂದ ಇನ್ನೊಂದು ಮಾತು ಕೇಳಿದ್ದಾರೆ: ಫಲಕದ ಮೇಲೆ ಕನ್ನಡದಲ್ಲಿ ಹೆಸರು ಬರೆಯಿಸಬಹುದೇ? ಕಂಪನಿಗಳ ಕಾಯಿದೆಯ 12ನೆಯ ಕಲಮು, ವ್ಯವಹಾರ ನಡೆಯುವ ಪ್ರತಿಯೊಂದು ಸ್ಥಳದ ಹೊರಗೂ ಕಂಪನಿಯ ಹೆಸರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಬರೆಯಿಸಬೇಕೆನ್ನುತ್ತದೆ. ಬಳಸಿದ ಲಿಪಿ ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಭಾಷೆಯದಲ್ಲದಿದ್ದರೆ, ಆ ಭಾಷೆಯ ಲಿಪಿಯಲ್ಲಿಯೂ ಬರೆಯಿಸಬೇಕೆನ್ನುತ್ತದೆ. ತಪ್ಪಿದರೆ ದಿನಕ್ಕೆ ಸಾವಿರ ರೂಪಾಯಿಯಂತೆ ಒಂದು ಲಕ್ಷದವರೆಗೆ ದಂಡ. ಮಹಾರಾಷ್ಟ್ರದ ಅಂಗಡಿ ಮುಂಗಟ್ಟುಗಳ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, ಅದರ ವ್ಯಾಪ್ತಿಗೆ ಬರುವ ಅಂಗಡಿ ಕಚೇರಿಗಳ ಫಲಕದಲ್ಲಿ ದೇವನಾಗರಿ ಲಿಪಿಯ ಮರಾಠಿ ಇರಲೇಬೇಕು. ಬೇರೆ ಭಾಷೆಯ ಅಕ್ಷರಗಳು ಮರಾಠಿಯವಕ್ಕಿಂತ ದೊಡ್ಡವಾಗಿರಕೂಡದು. ಕರ್ನಾಟಕದಲ್ಲಿ ಫಲಕದ ನೂರಕ್ಕೆ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾಯಿದೆಯಾಗಿದೆ. ಎರಡರ ತಿರುಳೂ ಒಂದೇ, ಮತ್ತು ನ್ಯಾಯವಾದದ್ದೇ. ಆದುದರಿಂದ ಕುಪವಾಡದ ಶೆಡ್ಡಿನ ಮೇಲೆ ಮೊದಲು ಮರಾಠಿಯಲ್ಲಿ, ಚೆನ್ನಾಗಿ ಕಾಣುವಂತೆ, ಬರೆಯಿಸಿರಿ. ಅದರ ಕೆಳಗೆ, ಅದಕ್ಕಿಂತ ದೊಡ್ಡದಾಗದಂತೆ, ಕನ್ನಡದಲ್ಲಿಯೂ ಹೆಸರು ಇರಲೆಂದು ಆಸೆಯಾದರೆ ಆ ಕಾಯಿದೆಗಳ ಅಡ್ಡಿಯಿಲ್ಲ. ಬಣ್ಣದವನು ಮಾತ್ರ ಒತ್ತಕ್ಷರಗಳನ್ನು ಕೆಡಿಸದಂತೆ, ಬರೆಯುವಾಗ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.